ದೂರು ಕೇಳುವ ಕುರ್ಚಿಯಲ್ಲಿ ಯಾರಿರಬೇಕು?

ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರದ ನಿಯಮ ತಿದ್ದುಪಡಿಗಾಗಿ ನಾಗರಿಕರ ಮನವಿ



ಹೊಲದ ಬದುವಿನ ಜಗಳಕ್ಕೆ ಊರಲ್ಲಿ ಪಂಚಾಯ್ತಿ ಸೇರಿದರೆ, ಬದು ಒತ್ತಿದವನ ಅಣ್ಣನನ್ನು ಯಾರೂ ನ್ಯಾಯ ಹೇಳಲು ಕಟ್ಟೆಯ ಮೇಲೆ ಕೂರಿಸುವುದಿಲ್ಲ. ಅಣ್ಣ ಒಳ್ಳೆಯವನೇ ಇರಬಹುದು. ಆದರೂ ಅವನು ಹೇಳಿದ ತೀರ್ಮಾನವನ್ನು ಎದುರು ಪಕ್ಷದವರು ಒಪ್ಪುವುದಿಲ್ಲ. ನಮ್ಮ ಹಿರಿಯರಿಗೆಲ್ಲ ಗೊತ್ತಿದ್ದ ಈ ನೀತಿ ನಮ್ಮ ರಾಜ್ಯದ ಪೊಲೀಸ್ ಕಾಯ್ದೆಯೊಳಗೆ ಇನ್ನೂ ಬಂದಿಲ್ಲ.

ಠಾಣೆಯಲ್ಲಿ ಹೊಡೆದರು, ಕಾರಣ ಹೇಳದೆ ಕೂಡಿಹಾಕಿದರು, ಹಣ ಕೇಳಿದರು ಎಂದು ದೂರು ಕೊಡಲು ಒಂದು ಜಾಗವಿದೆ. ಅದರ ಹೆಸರು ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರ. ಈ ಹೆಸರನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಕೇಳಿಲ್ಲದಿದ್ದರೆ ತಪ್ಪು ನಿಮ್ಮದಲ್ಲ.

ಇದು ಹುಟ್ಟಿದ್ದು ಹೇಗೆ?

ಪೊಲೀಸ್ ವ್ಯವಸ್ಥೆ ಸುಧಾರಿಸಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮುಖ್ಯರು ಪ್ರಕಾಶ್ ಸಿಂಗ್. ಅವರು ಸ್ವತಃ ಪೊಲೀಸ್ ಮಹಾನಿರ್ದೇಶಕರಾಗಿದ್ದವರು. ಇಲಾಖೆಯ ಒಳಗನ್ನು ಕಂಡವರೇ ಇಲಾಖೆಗೆ ಹೊರಗಿನ ಕಣ್ಣು ಬೇಕೆಂದು ಕೇಳಿದರು. ಹತ್ತು ವರ್ಷಗಳ ನಂತರ, 2006ರ ಸೆಪ್ಟೆಂಬರ್ 22ರಂದು, ನ್ಯಾಯಾಲಯ ಏಳು ನಿರ್ದೇಶನಗಳನ್ನು ಕೊಟ್ಟಿತು. ಅವುಗಳಲ್ಲೊಂದು ದೂರು ಪ್ರಾಧಿಕಾರ.

ಜಿಲ್ಲೆಯಲ್ಲಿ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಇದರ ಅಧ್ಯಕ್ಷರಾಗಬೇಕು, ಡಿವೈಎಸ್‌ಪಿ ಹಂತದವರೆಗಿನ ಅಧಿಕಾರಿಗಳ ಮೇಲಿನ ದೂರು ಇಲ್ಲಿ ವಿಚಾರಣೆಯಾಗಬೇಕು ಎಂದು ನ್ಯಾಯಾಲಯ ಹೇಳಿತು. ಎಸ್‌ಪಿ ಮತ್ತು ಮೇಲಿನವರ ವಿರುದ್ಧದ ದೂರಿಗೆ ರಾಜ್ಯ ಪ್ರಾಧಿಕಾರವಿರಬೇಕು. ಸದಸ್ಯರನ್ನು ಮಾನವ ಹಕ್ಕುಗಳ ಆಯೋಗ, ಲೋಕಾಯುಕ್ತ ಅಥವಾ ಲೋಕಸೇವಾ ಆಯೋಗ ಸಿದ್ಧಪಡಿಸಿದ ಪಟ್ಟಿಯಿಂದ ಆರಿಸಬೇಕು. ಅವರು ಪೂರ್ಣಾವಧಿ ಕೆಲಸ ಮಾಡಬೇಕು. ಅವರ ಶಿಫಾರಸನ್ನು ಸಂಬಂಧಪಟ್ಟವರು ಪಾಲಿಸಲೇಬೇಕು. ಕಸ್ಟಡಿ ಸಾವು, ಅತ್ಯಾಚಾರ, ತೀವ್ರ ಗಾಯದ ಜೊತೆಗೆ ಸುಲಿಗೆ, ಮನೆ-ಜಮೀನು ಕಬಳಿಕೆಯಂಥ ದೂರುಗಳನ್ನೂ ಜಿಲ್ಲಾ ಪ್ರಾಧಿಕಾರ ಕೇಳಬೇಕು.

ನಮ್ಮಲ್ಲಿ ಆದದ್ದೇನು?

ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಪ್ರಾಧಿಕಾರಗಳನ್ನು ಸೃಷ್ಟಿಸಿತು. ಆದರೆ ಜಿಲ್ಲೆಯಲ್ಲಿ ನಿವೃತ್ತ ನ್ಯಾಯಾಧೀಶರ ಕುರ್ಚಿಯಲ್ಲಿ ಸೇವೆಯಲ್ಲಿರುವ ಆಡಳಿತಾಧಿಕಾರಿಯನ್ನು ಕೂರಿಸಿತು. ಸದಸ್ಯ ಕಾರ್ಯದರ್ಶಿ ಯಾರು? ಅದೇ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿ.

ಒಮ್ಮೆ ಯೋಚಿಸಿ. ಠಾಣೆಯ ಸಬ್ ಇನ್‌ಸ್ಪೆಕ್ಟರ್ ಮೇಲೆ ಕೂಲಿ ಹೆಂಗಸೊಬ್ಬಳು ದೂರು ಬರೆಯುತ್ತಾಳೆ. ಆ ಕಾಗದ ಹೋಗಿ ಸೇರುವುದು ಅದೇ ಸಬ್ ಇನ್‌ಸ್ಪೆಕ್ಟರ್‌ನ ಮೇಲಧಿಕಾರಿಯ ಮೇಜಿಗೆ. ಕಡತ ಅವರ ಬಳಿ, ಸಭೆಯ ನೋಟಿಸ್ ಅವರ ಬಳಿ. ಮರುದಿನ ಅದೇ ಠಾಣೆಯ ಮುಂದೆ ಹಾದು ಅವಳು ಕೆಲಸಕ್ಕೆ ಹೋಗಬೇಕು. ಅವಳು ದೂರು ಬರೆದಾಳೇ? ನೆರೆಯ ಕೇರಳ ತನ್ನ 2011ರ ಪೊಲೀಸ್ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷತೆಯನ್ನು ನಿವೃತ್ತ ಜಿಲ್ಲಾ ನ್ಯಾಯಾಧೀಶರಿಗೆ ಕೊಟ್ಟಿದೆ. ನಮಗೇಕೆ ಆಗದು?

“ಪೊಲೀಸರ ಸ್ಥೈರ್ಯ ಕುಗ್ಗುತ್ತದೆ” ಎನ್ನುವವರಿಗೆ

ಹಬ್ಬ, ಜಾತ್ರೆ, ಚುನಾವಣೆಯೆಂದು ಮನೆಯ ಮುಖ ನೋಡದೆ ದುಡಿಯುವ ಕಾನ್‌ಸ್ಟೆಬಲ್ ನಮ್ಮ ನಡುವಿನವರೇ. ಅವರ ವಿರುದ್ಧ ಈ ಕರಪತ್ರವಲ್ಲ. ಸುಳ್ಳು ದೂರು ಬಂದಾಗ ಇಲಾಖೆಯೇ “ನಮ್ಮವರದು ತಪ್ಪಿಲ್ಲ” ಎಂದರೆ ಊರು ನಂಬುವುದಿಲ್ಲ. ನಿವೃತ್ತ ನ್ಯಾಯಾಧೀಶರೊಬ್ಬರು ಎರಡೂ ಕಡೆ ಕೇಳಿ ಅದೇ ಮಾತು ಹೇಳಿದರೆ ಆ ಪೊಲೀಸ್ ತಲೆಯೆತ್ತಿ ನಡೆಯಬಹುದು. ಒಬ್ಬನ ತಪ್ಪಿಗೆ ಇಡೀ ಠಾಣೆ ಬೈಸಿಕೊಳ್ಳುವುದೂ ನಿಲ್ಲುತ್ತದೆ.

“ಮಾನವ ಹಕ್ಕುಗಳ ಆಯೋಗ ಇದೆಯಲ್ಲ?” ಎನ್ನುವವರೂ ಇದ್ದಾರೆ. ಇದೆ, ಬೆಂಗಳೂರಿನಲ್ಲಿ. ಬೀದರಿನಿಂದ ಅಲ್ಲಿಗೆ ಸುಮಾರು 700 ಕಿ.ಮೀ. ದಿನಗೂಲಿ ಬಿಟ್ಟು ಅಷ್ಟು ದೂರ ಅಲೆಯಲು ಬಡವರಿಂದ ಆಗುವುದಿಲ್ಲ. ನ್ಯಾಯಾಲಯ ಜಿಲ್ಲೆಗೊಂದು ಪ್ರಾಧಿಕಾರ ಬೇಕೆಂದದ್ದು ಇಂಥವರಿಗಾಗಿಯೇ.

ನಮ್ಮ ಹಕ್ಕೊತ್ತಾಯಗಳು

1. ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರಾಗಲಿ. ಸೇವೆಯಲ್ಲಿರುವ ಯಾವ ಪೊಲೀಸ್ ಅಧಿಕಾರಿಯೂ ಸದಸ್ಯರಾಗಲಿ, ಕಾರ್ಯದರ್ಶಿಯಾಗಲಿ ಆಗಕೂಡದು.

2. ಸದಸ್ಯರಲ್ಲಿ ಮಹಿಳೆಯರೂ ದಲಿತ, ಆದಿವಾಸಿ, ಅಲ್ಪಸಂಖ್ಯಾತ ಸಮುದಾಯದವರೂ ಇರಲಿ.

3. ಪ್ರಾಧಿಕಾರಕ್ಕೆ ಸ್ವಂತ ಕಚೇರಿ, ಸ್ವಂತ ತನಿಖಾ ಸಿಬ್ಬಂದಿ ಇರಲಿ. ಆರೋಪಿ ಅಧಿಕಾರಿಯ ಸಹೋದ್ಯೋಗಿಗಳಿಂದ ತನಿಖೆ ಬೇಡ.

4. ದೂರು ಕೊಟ್ಟ ದಿನವೇ ಸ್ವೀಕೃತಿ, ನಿಗದಿತ ಅವಧಿಯಲ್ಲಿ ತೀರ್ಮಾನ, ದೂರುದಾರರಿಗೆ ಕನ್ನಡದಲ್ಲಿ ಕಾರಣಸಹಿತ ಆದೇಶ. “ಪರಿಶೀಲಿಸಲಾಗಿದೆ” ಎಂಬ ಒಂದು ಸಾಲಿನ ಹಿಂಬರಹ ಸಾಲದು.

5. ಠಾಣೆಯ ಸಿಸಿಟಿವಿ ದೃಶ್ಯ ಪಡೆಯುವ ಅಧಿಕಾರ ಇರಲಿ. ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಹಾಕಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲೇ ಹೇಳಿದೆ. ದೂರು ಬಂದ ಕೂಡಲೇ ಆ ದಿನದ ದೃಶ್ಯ ಅಳಿಯದಂತೆ ಕಾಯಬೇಕು.

6. ಪ್ರಾಧಿಕಾರದ ವಿಳಾಸ, ದೂರವಾಣಿ ಸಂಖ್ಯೆ ಪ್ರತಿ ಠಾಣೆಯ ಬಾಗಿಲಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿರಲಿ.

ನೀವು ಮಾಡಬೇಕಾದದ್ದು

ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಉತ್ತರಕ್ಕೆ ಗಡುವು 30 ದಿನ. ಮೂರೇ ಪ್ರಶ್ನೆ ಕೇಳಿ: ನಮ್ಮ ಜಿಲ್ಲಾ ಪ್ರಾಧಿಕಾರ ಕಳೆದ ವರ್ಷ ಎಷ್ಟು ಸಲ ಸಭೆ ಸೇರಿತು? ಎಷ್ಟು ದೂರು ಬಂದವು? ಎಷ್ಟು ಇತ್ಯರ್ಥವಾದವು? ಬಂದ ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ತಿದ್ದುಪಡಿ ಬೇಕೆಂದು ಠರಾವು ಮಾಡಿಸಿ. ಅದರ ಪ್ರತಿಯನ್ನು ನಿಮ್ಮ ಶಾಸಕರ ಕೈಗೇ ಕೊಟ್ಟು, ವಿಧಾನಸಭೆಯಲ್ಲಿ ಈ ಮಾತು ಎತ್ತುವಿರಾ ಎಂದು ಕೇಳಿ.

ಬದುವಿನ ಜಗಳಕ್ಕೆ ನಾವು ಹಿಡಿಯುವ ನ್ಯಾಯ ಲಾಕಪ್ಪಿನ ನೋವಿಗೂ ಸಲ್ಲಬೇಕು. ಕಟ್ಟೆಯ ಮೇಲಿಂದ ಅಣ್ಣ ಇಳಿಯಲಿ. ಎರಡೂ ಕಡೆಯವರು ನಂಬುವವರು ಅಲ್ಲಿ ಕೂರಲಿ.

ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಯವರಿಗೆ ಕೊಡಿ.

— ಜಿಲ್ಲೆಯ ನಾಗರಿಕರ ಪರವಾಗಿ