ಸೆಲೆನಿಯಂ: ಅಳತೆ ಮೀರದಿರಲಿ



ಆಟಿಸಂ ಇರುವ ನನ್ನ ಮೊಮ್ಮಗ ಮೊಸರನ್ನ, ಬಿಸ್ಕತ್ತು ಬಿಟ್ಟು ಬೇರೇನನ್ನೂ ಬಾಯಿಗಿಡುವುದಿಲ್ಲ. ಇಂಥ ಮಕ್ಕಳ ತಾಯಂದಿರಿಗೆ ಯಾರಾದರೂ ಸೆಲೆನಿಯಂ ಎಂಬ ಖನಿಜದ ಡ್ರಾಪ್ಸ್ ಕೊಡಿ ಎಂದರೆ ಆಸೆ ಹುಟ್ಟುವುದು ಸಹಜ. ಆದರೆ ಅದರಿಂದ ಆಟಿಸಂ ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ. ಅಮೆರಿಕದ ಮಾನದಂಡದಂತೆ 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ 20 ಮೈಕ್ರೋಗ್ರಾಂ ಸಾಕು, 90 ದಾಟಬಾರದು. ಒಂದು ಮೊಟ್ಟೆಯಲ್ಲೇ ಸುಮಾರು 15 ಇರುತ್ತದೆ. ಒಂದೇ ಬ್ರೆಜಿಲ್ ನಟ್ಟಿನಲ್ಲಿ 90ರ ಹತ್ತಿರವೂ ಇರಬಹುದು! ಹೆಚ್ಚಾದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ, ಉಸಿರಿಗೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ಮಾತು ಬಾರದ ಮಗು ತನ್ನ ಸಂಕಟವನ್ನು ಹೇಗೆ ಹೇಳಿಕೊಂಡೀತು?

ಕೊರತೆ ಇದೆಯೇ ಎಂದು ಮಕ್ಕಳ ವೈದ್ಯರು ನೋಡಿ ಹೇಳಿದ ಮೇಲಷ್ಟೇ ಕೊಡೋಣ. ಬಾಟಲಿಯ ಮೇಲೆ ವಯಸ್ಸಿಗೆ ತಕ್ಕ ಮಿತಿಯನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಮುದ್ರಿಸುವಂತೆ ಸರ್ಕಾರ ಕಡ್ಡಾಯ ಮಾಡಲಿ.

– ಓರ್ವ ಅಜ್ಜಿ, ಮೈಸೂರು