ಗೊತ್ತಿದ್ದೂ ಓಟು ಹಾಕುವುದೇಕೆ?



ಭ್ರಷ್ಟರನ್ನು ಗೆಲ್ಲಿಸುವವರು ಹಳ್ಳಿಯ ಮುಗ್ಧರು, ಸ್ಲಮ್ಮಿನ ಬಡವರು, ನೋಟಿಗೂ ಬಾಟ್ಲಿಗೂ ಓಟು ಮಾರಿಕೊಳ್ಳುವವರು ಎಂದು ನಗರದ ಹೋಟೆಲಿನಲ್ಲಿ ಕಾಫಿ ಹೀರುತ್ತಾ ತೀರ್ಪು ಕೊಡುವುದು ಸುಲಭ. ಆದರೆ ಅದು ಅರ್ಧಸತ್ಯ.

ಅಕ್ರಮ ಗಣಿಗಾರಿಕೆಯನ್ನೇ ನೋಡಿ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಮುಖ್ಯಮಂತ್ರಿಯ ಕುರ್ಚಿಯೇ ಹೋಯಿತು. ಸೆಪ್ಟೆಂಬರಿನಲ್ಲಿ ಸಿಬಿಐ ಜನಾರ್ದನ ರೆಡ್ಡಿಯವರನ್ನು ಬಂಧಿಸಿತು. ವರ್ಷಗಟ್ಟಲೆ ಜೈಲಿನಲ್ಲಿದ್ದ ಅದೇ ರೆಡ್ಡಿ 2023ರಲ್ಲಿ ಸ್ವಂತ ಪಕ್ಷ ಕಟ್ಟಿ ಗಂಗಾವತಿಯಲ್ಲಿ ಗೆದ್ದರು. (2025ರಲ್ಲಿ ಸಿಬಿಐ ನ್ಯಾಯಾಲಯ 7 ವರ್ಷ ಶಿಕ್ಷೆ ವಿಧಿಸಿತು, ಹೈಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು.) ಮತದಾರನಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಅಭ್ಯರ್ಥಿಯ ಆಸ್ತಿ, ಮೊಕದ್ದಮೆಗಳ ಪ್ರಮಾಣಪತ್ರ 2003ರಿಂದಲೂ ಬಹಿರಂಗ. ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಒತ್ತಿದ್ದು!

ಯಾಕೆ? ನಾನು ಎಲ್ಲ ಪಕ್ಷಗಳ ಕರಪತ್ರ ಅಚ್ಚು ಹಾಕುವವನು. 'ಲಂಚ ಮುಟ್ಟದವನು' ಎಂದು ಅಚ್ಚು ಹಾಕಿಸುವವರು ಅಪರೂಪ. 'ನಿಮ್ಮ ಮನೆಮಗ', 'ಬಡವರ ಬಂಧು' ಎನ್ನುವವರೇ ಹೆಚ್ಚು. ಅವರಿಗೆ ಜನರ ನಾಡಿ ಗೊತ್ತು.

ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಗೆ ಆರು ತಿಂಗಳು ಅಲೆದವನಿಗೆ, ಆಸ್ಪತ್ರೆಯಲ್ಲಿ ಹಾಸಿಗೆ ಸಿಗದವನಿಗೆ ಒಂದು ಫೋನಿನಲ್ಲಿ ಕೆಲಸ ಮಾಡಿಸಿಕೊಡುವವನೇ ದೇವರು. ಆ ದೇವರು ಬೊಕ್ಕಸದಲ್ಲಿ ಎಷ್ಟು ನುಂಗಿದ ಎಂದು ಅವನು ಕೇಳುವುದಿಲ್ಲ. ಹಕ್ಕಾಗಿ ಸಿಗಬೇಕಾದದ್ದು ಉಪಕಾರವಾಗಿ ಸಿಕ್ಕಾಗ ಓಟು ಋಣ ಸಂದಾಯವಾಗುತ್ತದೆ. ಅದಕ್ಕೆ 'ನಮ್ಮ ಜಾತಿಯವನು' ಎಂಬ ಒಗ್ಗರಣೆ ಬೇರೆ.

ಇಲ್ಲೇ ನಮ್ಮ ಭಾಷೆಯ ಪ್ರಶ್ನೆಯೂ ಇದೆ. ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾಯ್ದೆ ಬಂದದ್ದು 1963ರಲ್ಲಿ. ಇವತ್ತಿಗೂ ಬ್ಯಾಂಕಿನ ಸಾಲಪತ್ರ, ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ. ಕಾಗದ ಓದಲಾಗದವನಿಗೆ ದಲ್ಲಾಳಿ ಬೇಕು. ಆ ದಲ್ಲಾಳಿ ಯಾರ ಕಡೆಯವನು? ಮುಖಂಡನ ಕಡೆಯವನು! ಅರ್ಥವಾಗದ ಆಡಳಿತವೇ ಭ್ರಷ್ಟನ ಬಂಡವಾಳ.

ಹಾಗಾದರೆ ಮಾಡುವುದೇನು? ಮತದಾರನಿಗೆ ಬುದ್ಧಿ ಹೇಳುವುದನ್ನು ಬಿಡಿ, ಅವನ ಅರ್ಜಿ ಬರೆದುಕೊಡಿ. 2012ರಿಂದ ಸಕಾಲ ಕಾಯ್ದೆ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿರುವ ಕೆಲಸಕ್ಕೆ ಇಂತಿಷ್ಟೇ ದಿನ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಚಿಕ್ಕದು, ಆದರೆ ಅಧಿಕಾರಿಯ ಕೈಯಿಂದ ಬರಬೇಕಾದದ್ದು. 2005ರ ಮಾಹಿತಿ ಹಕ್ಕೂ ಕೈಯಲ್ಲಿದೆ. ಬಾವುಟ ಹಿಡಿದ ಕೈಯಲ್ಲೇ ಪೆನ್ನು ಹಿಡಿಯಿರಿ. ವಾರಕ್ಕೊಂದು ದಿನ ನಿಮ್ಮ ಬೀದಿಯಲ್ಲಿ ಕೂತು ಕನ್ನಡದಲ್ಲಿ ಅರ್ಜಿ ಬರೆಯಿರಿ, ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ.

ಯಾರ ಕಾಲೂ ಹಿಡಿಯದೆ ಕೆಲಸವಾದ ದಿನ ಮತದಾರ ಯಾರಿಗೂ ಋಣಿಯಲ್ಲ. ಋಣವಿಲ್ಲದವನ ಓಟಿಗೆ ಭ್ರಷ್ಟ ಹೆದರುತ್ತಾನೆ.