ಸಾಬು ಫೋಟೊ ಹಾಕೋ ಮುಂಚೆ ಇದನ್ನ ಓದಿ

1/5
ಕ್ಯಾರಿ ಗ್ರಾಂಟ್ ಅಸಲಿ ಹೆಸರು ಆರ್ಚಿಬಾಲ್ಡ್ ಲೀಚ್. ಜಾನ್ ವೇನ್ ಅಂದ್ರೆ ಮರಿಯನ್ ಮಾರಿಸನ್. ನಮ್ಮ ಕ್ಲಾಸ್ ಗ್ರೂಪಿನ ಕ್ವಿಜ್‌ನಲ್ಲಿ ಇದಕ್ಕೆಲ್ಲ ಎರಡು ಸೆಕೆಂಡಲ್ಲಿ ಉತ್ತರ ಬರುತ್ತೆ. ಹೊಳೆಹೊನ್ನೂರಲ್ಲಿ ಕೂತು ಹಾಲಿವುಡ್ ಜಾತಕ ಹೇಳ್ತೀವಿ, ತಪ್ಪೇನಿಲ್ಲ. ನನ್ನ ತಕರಾರು ಮೊನ್ನೆ ನೀವೆಲ್ಲ ಸ್ಟೋರಿಗೆ ಹಾಕಿಕೊಂಡ ಒಂದು ಸಾಲಿನ ಬಗ್ಗೆ: "ಹಾಲಿವುಡ್ ಗೆದ್ದ ನಮ್ಮ ಮೈಸೂರು ಹುಡುಗ!" ಜೊತೆಗೆ ಸಾಬು ಫೋಟೊ, ಒಂದು ಬೆಂಕಿ ಇಮೋಜಿ.
ಗೆದ್ದ ಅಂತ ಯಾರು ಹೇಳಿದ್ದು ಮಾರಾಯ್ರೆ?

2/5
ಸಾಬು 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ. ಮಾವುತನ ಮಗ. 'ಎಲಿಫೆಂಟ್ ಬಾಯ್' ತೆಗೆಯೋಕೆ ಮೈಸೂರಿಗೆ ಬಂದಿದ್ದ ತಂಡದ ಕಣ್ಣಿಗೆ ಬಿದ್ದ. 1937ರಲ್ಲಿ ಆ ಸಿನಿಮಾ ಬಂತು. 1940ರ 'ದ ಥೀಫ್ ಆಫ್ ಬಾಗ್ದಾದ್'ನಲ್ಲಿ ಹೆಸರಿನ ಆ ಕಳ್ಳ ಇವನೇ. ಚಿತ್ರಕ್ಕೆ 3 ಆಸ್ಕರ್ ಬಂತು. 1942ರಲ್ಲಿ 'ಜಂಗಲ್ ಬುಕ್'ನ ಮೋಗ್ಲಿ. ಆಗ ವಯಸ್ಸು ಬರೀ 18.
ಇಲ್ಲೀವರೆಗೆ ನಿಮ್ಮ ಪೋಸ್ಟ್ ಸರಿ. ಮುಂದಿನದನ್ನ ಯಾಕೆ ಹಾಕಲ್ಲ?

3/5
1944ರ 'ಕೋಬ್ರಾ ವುಮನ್' ನೋಡಿ. ಹೀರೋ ಜಾನ್ ಹಾಲ್, ನಾಯಕಿ ಮರಿಯಾ ಮಾಂಟೆಜ್. ಸಾಬು? ಹೀರೋ ಹಿಂದೆ ಓಡಾಡೋ ಗೆಳೆಯ. ಅದೇ ವರ್ಷ ಅಮೆರಿಕದ ಪ್ರಜೆಯಾದ, ಯುದ್ಧವಿಮಾನದ ಹಿಂಬದಿ ಗನ್ನರ್ ಆಗಿ ಶೌರ್ಯಪದಕವನ್ನೂ ಪಡೆದ. 1947ರ ಬ್ರಿಟಿಷ್ ಚಿತ್ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಅವನಿಗೆ ಜೋಡಿಯಾದ ಭಾರತೀಯ ಹುಡುಗಿ ಯಾರು ಗೊತ್ತಾ? ಕಂದು ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟಿ ಜೀನ್ ಸಿಮ್ಮನ್ಸ್. 1952ರಲ್ಲಿ ಸಾಬು ಲಂಡನ್ನಿನ ಸರ್ಕಸ್ಸಿನಲ್ಲಿ ಆನೆ ಆಡಿಸ್ತಿದ್ದ. ಕೊನೇ ಚಿತ್ರ 'ಎ ಟೈಗರ್ ವಾಕ್ಸ್'. ಅದರಲ್ಲೂ ಪ್ರಾಣಿ ಪಳಗಿಸೋ ಪಾತ್ರ. ಅದು ತೆರೆಗೆ ಬರೋ ಮೊದಲೇ, 1963ರ ಡಿಸೆಂಬರಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 39.
ಆನೆಯಿಂದ ಶುರು, ಹುಲಿಯಲ್ಲಿ ಮುಕ್ತಾಯ. ನಡುವೆ ಒಬ್ಬ ಮನುಷ್ಯನ ಪಾತ್ರ ಎಷ್ಟು ಸಲ ಸಿಕ್ಕಿತು?

4/5
"ಆ ಕಾಲದಲ್ಲಿ ಅಷ್ಟು ಸಿಕ್ಕಿದ್ದೇ ದೊಡ್ಡದು" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಒಪ್ಪಲ್ಲ. 16ನೇ ವಯಸ್ಸಿಗೇ ಇಡೀ ಸಿನಿಮಾ ಹೊತ್ತು ತೋರಿಸಿದವನಿಗೆ ಪ್ರತಿಭೆ ಇರಲಿಲ್ಲ ಅನ್ನೋಕಾಗುತ್ತಾ? ಅವನು ದೊಡ್ಡವನಾದ. ಕೈಗೆ ಬಂದ ಪಾತ್ರಗಳು ದೊಡ್ಡವಾಗಲಿಲ್ಲ. ಆರ್ಚಿಬಾಲ್ಡ್ ಲೀಚ್ ಹೆಸರು ಬದಲಾಯಿಸಿಕೊಂಡು ಬೇಕಾದ್ದೆಲ್ಲ ಆದ. ಬದಲಾಯಿಸಿಕೊಳ್ಳೋಕೆ ಆಗದ್ದು ಸಾಬುವಿನ ಮೈಬಣ್ಣ. "ಗೆದ್ದ" ಅಂದುಬಿಟ್ರೆ ಈ ಅನ್ಯಾಯವನ್ನೂ ನಾವೇ ಮುಚ್ಚಿಹಾಕಿದ ಹಾಗೆ.

5/5
ಹಾಲಿವುಡ್ಡನ್ನು ಬೈದು ಕೈ ತೊಳ್ಕೊಳ್ಳೋದು ಸುಲಭ. ಹೋದ ರಜೆಯಲ್ಲಿ ನಾವು ಸಕ್ರೆಬೈಲಿಗೆ ಹೋಗಿದ್ವಲ್ಲ, ತುಂಗೆ ಹಿನ್ನೀರಲ್ಲಿ ಆನೆ ಸ್ನಾನ ನೋಡೋಕೆ? ನನ್ನ ಫೋನಲ್ಲಿ ಈಗಲೂ 11 ಫೋಟೊ ಇವೆ. ಹನ್ನೊಂದರಲ್ಲೂ ಆನೆ ಇದೆ, ನಾನಿದ್ದೀನಿ. ಆನೆ ಬೆನ್ನು ತಿಕ್ಕುತ್ತಿದ್ದ ಮಾವುತರನ್ನು ನಾನೇ ಕ್ರಾಪ್ ಮಾಡಿದ್ದೆ. ಹೆಸರೂ ಕೇಳಿರಲಿಲ್ಲ. ಆನೆ ಕಂಡಿತು, ಮನುಷ್ಯ ಕಾಣಲಿಲ್ಲ. ಹಾಲಿವುಡ್ ಮಾಡಿದ್ದೂ ಇಷ್ಟೇ ಅಲ್ವಾ?

ಸಾಬು ಬಗ್ಗೆ ಹೆಮ್ಮೆ ಪಡಿ, ಬೇಡ ಅನ್ನಲ್ಲ. ಆದ್ರೆ ಪೂರ್ತಿ ಕಥೆ ಹೇಳಿ. ಮುಂದಿನ ಸಲ ಸಕ್ರೆಬೈಲಿಗೆ ಹೋದಾಗ ಆನೆ ಹೆಸರಿನ ಜೊತೆ ಮಾವುತರ ಹೆಸರನ್ನೂ ಕೇಳಿ.

ಒಪ್ಪದವರು ಕಾಮೆಂಟಲ್ಲಿ ಜಗಳಕ್ಕೆ ಬನ್ನಿ, ಕಾಯ್ತಿರ್ತೀನಿ.

#ಸಾಬು #ಹೊಳೆಹೊನ್ನೂರು #ಸಕ್ರೆಬೈಲು